ಕಾರ್ಖಾನೆ ಜಾಗ ಬದಲಿಸಿದರೆ ಕಲ್ಲಿದ್ದಲು ಬಿಟ್ಟಂತಾಗುವುದಿಲ್ಲ: ಉದ್ಯಮ ನೀತಿ ರೂಪಿಸುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

2024ರ ಸೆಪ್ಟೆಂಬರ್ 30ರಂದು ಬ್ರಿಟನ್ನಿನಲ್ಲಿ ಎರಡು ದೊಡ್ಡ ಬೆಂಕಿಗಳು ಆರಿದವು. ಒಂದು, ರ್‍ಯಾಟ್‌ಕ್ಲಿಫ್ ವಿದ್ಯುತ್ ಸ್ಥಾವರದ್ದು. ಆ ದೇಶದಲ್ಲಿ ಉಳಿದಿದ್ದ ಕೊನೆಯ ಕಲ್ಲಿದ್ದಲು ಸ್ಥಾವರ ಅದು. ಇನ್ನೊಂದು, ವೇಲ್ಸ್‌ನ ಪೋರ್ಟ್ ಟಾಲ್ಬಟ್ ಉಕ್ಕಿನ ಕಾರ್ಖಾನೆಯ ಕೊನೆಯ ಊದುಕುಲುಮೆಯದ್ದು, ಅಂದರೆ ಕಲ್ಲಿದ್ದಲು ಬಳಸಿ ಅದಿರಿನಿಂದ ಕಬ್ಬಿಣ ತೆಗೆಯುವ ಕುಲುಮೆಯದ್ದು. ಎರಡೂ ಒಂದೇ ದಿನ. ದೇಶದ ಇಂಗಾಲದ ಲೆಕ್ಕಪುಸ್ತಕದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಕಲ್ಲಿದ್ದಲು ಇಷ್ಟು ಕಡಿಮೆ, ಹೊಗೆ ಇಷ್ಟು ಕಡಿಮೆ, ಅಷ್ಟೇ.

ಒಳಗೆ ನೋಡಿದರೆ ಎರಡಕ್ಕೂ ಬಹಳ ವ್ಯತ್ಯಾಸವಿದೆ. ಬ್ರಿಟನ್ನಿನ ಕಲ್ಲಿದ್ದಲು ಕರೆಂಟಿನ ಜಾಗವನ್ನು ವರ್ಷಗಳಿಂದ ಗಾಳಿಯಂತ್ರಗಳು ಮತ್ತು ಗ್ಯಾಸ್ ಸ್ಥಾವರಗಳು ತುಂಬುತ್ತಾ ಬಂದಿದ್ದವು. ಗ್ಯಾಸ್ ಕೂಡ ಪಳೆಯುಳಿಕೆ ಇಂಧನವೇ. ಆದರೂ ಅಲ್ಲಿ ಇಂಧನವೇ ಬದಲಾಗಿತ್ತು. ಪೋರ್ಟ್ ಟಾಲ್ಬಟ್‌ನ ಕಥೆ ಬೇರೆ. ಅಲ್ಲಿ ಹೊಸ ವಿದ್ಯುತ್ ಕುಲುಮೆ ಬರುವವರೆಗೆ ತಗಡು ಎಳೆಯುವ ರೋಲಿಂಗ್ ಮಿಲ್‌ಗಳಿಗೆ ಬೇಕಾದ ಉಕ್ಕಿನ ದಪ್ಪ ಹಲಗೆಗಳು (ಸ್ಲ್ಯಾಬ್‌ಗಳು) ಹಡಗಿನಲ್ಲಿ ಹೊರದೇಶದಿಂದ ಬರುತ್ತವೆ. ಊದುಕುಲುಮೆಯಲ್ಲಿ ಒಂದು ಟನ್ ಉಕ್ಕು ಮಾಡಿದರೆ ಸುಮಾರು ಎರಡು ಟನ್ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಅದು ಯಾವ ದಡದಲ್ಲಿ ಹೊರಬಂತು ಎನ್ನುವುದು ಆಕಾಶಕ್ಕೆ ಗೊತ್ತಾಗುವುದಿಲ್ಲ.

ಕಾರ್ಖಾನೆಗಳಿಗೆ ಜಾಗ, ನೀರು, ಕರೆಂಟು, ಸಬ್ಸಿಡಿ ಕೊಡುವವರು ನೀವು. ಅವುಗಳನ್ನು ಮುಚ್ಚುವಾಗ, ಬೇರೆಡೆಗೆ ಕಳಿಸುವಾಗ ಕಡತಕ್ಕೆ ಸಹಿ ಹಾಕುವವರೂ ನೀವೇ. ನೀವು ಯಾವ ದೇಶದ ಯಾವ ಇಲಾಖೆಯಲ್ಲಿದ್ದರೂ ಸರಿ, ನಿಮ್ಮಲ್ಲಿ ನನ್ನ ಕೋರಿಕೆ ಒಂದೇ. ಒಂದು ಉದ್ಯಮ ಒಂದು ಪ್ರದೇಶ ಬಿಟ್ಟು ಇನ್ನೊಂದಕ್ಕೆ ಹೋಗುವಾಗ, ಹೊಸ ಜಾಗದಲ್ಲಿ ಅದಕ್ಕಾಗಿ ಹೊಸದಾಗಿ ಏನು ಉರಿಯಲಿದೆ ಎಂದು ಕೇಳಿ. ಆ ಉತ್ತರವನ್ನು ಜನರ ಮುಂದಿಡಿ. ಆಮೇಲೆ ಸಹಿ ಹಾಕಿ.

ಈ ಪ್ರಶ್ನೆ ಕೇಳದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಜರ್ಮನಿಯ ಡಾರ್ಟ್‌ಮುಂಡ್‌ಗಿಂತ ಸ್ಪಷ್ಟ ಉದಾಹರಣೆ ನನಗೆ ಕಂಡಿಲ್ಲ. ಅಲ್ಲಿನ ಹೋರ್ಡೆ ಎಂಬ ಭಾಗದಲ್ಲಿ ಫೀನಿಕ್ಸ್ ಎನ್ನುವ ಉಕ್ಕಿನ ಕಾರ್ಖಾನೆ ಇತ್ತು. 2001ರಲ್ಲಿ ಅದು ನಿಂತಿತು. ಚೀನಾದ ಶಾಗಾಂಗ್ ಎಂಬ ಉಕ್ಕಿನ ಕಂಪನಿ ಅದರ ಯಂತ್ರಗಳನ್ನು ಕೊಂಡುಕೊಂಡಿತು. ಬಿಚ್ಚುವುದಕ್ಕೆ ಚೀನಾದಿಂದ ಸುಮಾರು ಸಾವಿರ ಕೆಲಸಗಾರರು ಬಂದರು. ಕುಲುಮೆಯ ತುಂಡು, ಕ್ರೇನು, ಪೈಪು, ಹೀಗೆ ಒಂದೊಂದನ್ನೂ ಬಿಚ್ಚಿ, ಗುರುತು ಹಾಕಿ ಕಟ್ಟಿದರು. ಸುಮಾರು ಎರಡೂವರೆ ಲಕ್ಷ ಟನ್ ಸಾಮಾನು ಹಡಗು ಹತ್ತಿ ಯಾಂಗ್‌ಟ್ಸೆ ನದಿಯ ದಡ ಸೇರಿತು. ಕಲ್ಲಿದ್ದಲನ್ನು ಕಾಯಿಸಿ ಊದುಕುಲುಮೆಗೆ ಬೇಕಾದ ಕೋಕ್ ಮಾಡುವ ಅದೇ ಊರಿನ ಕೈಸರ್‌ಸ್ಟೂಲ್ ಘಟಕ ಶುರುವಾಗಿದ್ದೇ 1992ರಲ್ಲಿ. ಹತ್ತು ವರ್ಷವೂ ಓಡದೆ ಅದು ಮುಚ್ಚಿತು. ಅದನ್ನೂ ಬಿಚ್ಚಿ ಚೀನಾದ ಶಾನ್‌ಡಾಂಗ್ ಪ್ರಾಂತ್ಯಕ್ಕೆ ಸಾಗಿಸಿದರು. ಹೋರ್ಡೆಯಲ್ಲಿ ಕಾರ್ಖಾನೆ ಇದ್ದ ಜಾಗದಲ್ಲಿ ಈಗ ದೊಡ್ಡ ಕೆರೆಯಿದೆ, ದಡದಲ್ಲಿ ಮನೆಗಳಿವೆ.

ಡಾರ್ಟ್‌ಮುಂಡಿನ ಜನರಿಗೆ ಒಳ್ಳೆಯ ಗಾಳಿ ಸಿಕ್ಕಿತು. ಅದು ಅವರಿಗೆ ಸಿಗಲೇಬೇಕಿತ್ತು. ಆದರೆ ಯಂತ್ರ ಅದೇ, ಕೋಕ್ ಅದೇ, ಕೆಲಸ ಮಾಡುವ ರೀತಿಯೂ ಅದೇ. ಕಲ್ಲಿದ್ದಲಿನ ಮೇಲಿನ ಅವಲಂಬನೆ ಪೆಟ್ಟಿಗೆಯಲ್ಲಿ ಕೂತು ಖಂಡ ದಾಟಿತು. ಜರ್ಮನಿಯ ಲೆಕ್ಕದಲ್ಲಿ ಹೊಗೆ ಇಳಿಯಿತು, ಚೀನಾದ ಲೆಕ್ಕದಲ್ಲಿ ಏರಿತು.

ಇದು ಲೆಕ್ಕದ ಪದ್ಧತಿಯ ಸಮಸ್ಯೆಯೂ ಹೌದು. ಹೊಗೆ ಇಳಿಸಲು ದೇಶಗಳು ಮಾಡಿಕೊಂಡ 1997ರ ಕ್ಯೋಟೋ ಒಪ್ಪಂದದ ಕಾಲದಿಂದಲೂ ಪ್ರತಿ ದೇಶ ತನ್ನ ಗಡಿಯೊಳಗೆ ಎದ್ದ ಹೊಗೆಯನ್ನಷ್ಟೇ ಎಣಿಸುತ್ತದೆ. ತಾನು ತರಿಸಿಕೊಂಡ ಉಕ್ಕು, ಸಿಮೆಂಟು, ಫೋನು, ಬಟ್ಟೆಯ ಹಿಂದಿನ ಹೊಗೆ ಅದರ ಲೆಕ್ಕಕ್ಕೆ ಬರುವುದಿಲ್ಲ. 1990ರಿಂದ 2008ರವರೆಗಿನ ವ್ಯಾಪಾರವನ್ನು ಹೀಗೆ ಬಿಡಿಸಿ ನೋಡಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಬಡ ಮತ್ತು ಮಧ್ಯಮ ದೇಶಗಳಲ್ಲಿ ಎದ್ದು, ಸರಕಿನ ರೂಪದಲ್ಲಿ ಶ್ರೀಮಂತ ದೇಶಗಳಿಗೆ ಹೋದ ನಿವ್ವಳ ಹೊಗೆ ಆ ಅವಧಿಯಲ್ಲಿ ವರ್ಷಕ್ಕೆ 40 ಕೋಟಿ ಟನ್‌ನಿಂದ 160 ಕೋಟಿ ಟನ್‌ಗೆ ಏರಿತ್ತು. ಕ್ಯೋಟೋ ಒಪ್ಪಂದದಡಿ ಶ್ರೀಮಂತ ದೇಶಗಳು ಇಳಿಸಿದ್ದಕ್ಕಿಂತ ಇದು ಜಾಸ್ತಿ. ಆಮೇಲಿನ ವರ್ಷಗಳಲ್ಲಿ ಆ ಏರಿಕೆ ಅದೇ ವೇಗದಲ್ಲಿ ಮುಂದುವರಿದಿಲ್ಲ. ಆದರೆ ಅಂತರ ಅಳಿಸಿಯೂ ಹೋಗಿಲ್ಲ.

ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. 2001ರ ಕೊನೆಯಲ್ಲಿ ವಿಶ್ವ ವ್ಯಾಪಾರ ಸಂಘಟನೆ ಸೇರಿದ ಮೇಲೆ ಚೀನಾದ ಕಲ್ಲಿದ್ದಲು ಬಳಕೆ ಹತ್ತು ವರ್ಷದಲ್ಲಿ ಎರಡು ಪಟ್ಟಿಗೂ ಹೆಚ್ಚಾಯಿತು. ಅದೆಲ್ಲ ರಫ್ತಿಗಾಗಿ ಉರಿದದ್ದಲ್ಲ. ದೊಡ್ಡ ಪಾಲು ಅಲ್ಲಿನ ಜನರದೇ ಮನೆ, ರಸ್ತೆ, ರೈಲಿಗೆ ಹೋಯಿತು. ಎಲ್ಲ ತಪ್ಪನ್ನೂ ಕೊಳ್ಳುವವರ ತಲೆಗೆ ಕಟ್ಟುವುದು ಸರಿಯಲ್ಲ. ಎಲ್ಲವನ್ನೂ ತಯಾರಿಸುವವರ ತಲೆಗೆ ಕಟ್ಟುವುದೂ ಸರಿಯಲ್ಲ.

ಹಾಗಂತ ಉದ್ಯಮ ಜಾಗ ಬದಲಿಸುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಜಾಗ ಬದಲಿಸಿದ್ದರಿಂದಲೇ ತೈಲದ ಹಂಗು ತಪ್ಪಿದ್ದೂ ಇದೆ. ಅಲ್ಯೂಮಿನಿಯಂ ಉದ್ಯಮವನ್ನೇ ನೋಡಿ. ಒಂದು ಟನ್ ಅಲ್ಯೂಮಿನಿಯಂ ಕರಗಿಸಿ ತೆಗೆಯಲು ಸುಮಾರು 14,000 ಯೂನಿಟ್ ಕರೆಂಟು ಬೇಕು. ಅದಕ್ಕೇ ಈ ಉದ್ಯಮ ಅಗ್ಗದ ಕರೆಂಟನ್ನು ಹುಡುಕಿಕೊಂಡು ಅಲೆಯುತ್ತದೆ. 1895ರಲ್ಲಿ ನಯಾಗರಾ ಜಲಪಾತದ ಹೊಸ ವಿದ್ಯುತ್ತಿಗೆ ಮೊದಲ ಗಿರಾಕಿಯಾಗಿ ಬಂದದ್ದೇ ಒಂದು ಅಲ್ಯೂಮಿನಿಯಂ ಕಂಪನಿ.

1970ರ ದಶಕದಲ್ಲಿ ಜಪಾನ್ ವರ್ಷಕ್ಕೆ ಹತ್ತು ಲಕ್ಷ ಟನ್‌ಗೂ ಹೆಚ್ಚು ಅಲ್ಯೂಮಿನಿಯಂ ತೆಗೆಯುತ್ತಿತ್ತು. ಅದಕ್ಕೆ ಬೇಕಾದ ಕರೆಂಟಿನ ಬಹುಪಾಲು ಹೊರಗಿನಿಂದ ತರಿಸಿದ ತೈಲ ಸುಟ್ಟು ಬರುತ್ತಿತ್ತು. 1973ರಲ್ಲಿ ಒಮ್ಮೆ, 1979ರಲ್ಲಿ ಇನ್ನೊಮ್ಮೆ ತೈಲದ ಬೆಲೆ ಜಿಗಿಯಿತು. ಜಪಾನಿನ ಸ್ಮೆಲ್ಟರ್‌ಗಳು, ಅಂದರೆ ಅಲ್ಯೂಮಿನಿಯಂ ತೆಗೆಯುವ ಕಾರ್ಖಾನೆಗಳು, ಒಂದರ ಹಿಂದೆ ಒಂದು ಬಾಗಿಲು ಹಾಕಿದವು. ಕೊನೆಗೆ ಉಳಿದದ್ದು ಕಂಬಾರಾದ ಒಂದೇ ಒಂದು ಸಣ್ಣ ಸ್ಮೆಲ್ಟರ್. ಅದಕ್ಕೆ ಸ್ವಂತ ಜಲವಿದ್ಯುತ್ ಇತ್ತು. 2014ರಲ್ಲಿ ಅದೂ ನಿಂತಿತು.

ಆದರೆ ಜಪಾನಿಗೆ ಅಲ್ಯೂಮಿನಿಯಂ ಬೇಕೇ ಬೇಕಿತ್ತು. ಅಲ್ಲಿನ ಕಂಪನಿಗಳು ಹೊರಗೆ ಹಣ ಹೂಡಿದವು. ಇಂಡೋನೇಷ್ಯಾದ ಸುಮಾತ್ರಾ ದ್ವೀಪದಲ್ಲಿ ತೋಬಾ ಸರೋವರದಿಂದ ಹರಿಯುವ ಅಸಹಾನ್ ನದಿಗೆ ವಿದ್ಯುದಾಗಾರ ಕಟ್ಟಿ, 1982ರಲ್ಲಿ ಸ್ಮೆಲ್ಟರ್ ಶುರುವಾಯಿತು. ಬ್ರೆಜಿಲ್‌ನಲ್ಲಿ ಟುಕುರುಯಿ ಅಣೆಕಟ್ಟಿನ ಕರೆಂಟಿನಿಂದ 1985ರಲ್ಲಿ ಇನ್ನೊಂದು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ, ಬಾಯ್ನ್ ದ್ವೀಪದಲ್ಲಿ 1982ರಲ್ಲಿ ಮತ್ತೊಂದು. ಈ ಮೂರನೆಯದಕ್ಕೆ ಕರೆಂಟು ಬಂದದ್ದು ಗ್ಲ್ಯಾಡ್‌ಸ್ಟನ್‌ನ ಕಲ್ಲಿದ್ದಲು ಸ್ಥಾವರದಿಂದ.

ಒಂದೇ ದೇಶದಿಂದ ಹೊರಟ ಬೇಡಿಕೆ, ಒಂದೇ ಕಾರಣ, ಹೆಚ್ಚುಕಡಿಮೆ ಒಂದೇ ಕಾಲ. ಎರಡು ಕಡೆ ತೈಲದ ಬದಲು ಹರಿಯುವ ನೀರು ಬಂತು. ಒಂದು ಕಡೆ ತೈಲ ಹೋಗಿ ಕಲ್ಲಿದ್ದಲು ಬಂತು. ಇದನ್ನು ನಿರ್ಧರಿಸಿದ್ದು ಆಯಾ ಜಾಗದಲ್ಲಿ ಆ ಹೊತ್ತಿಗೆ ಯಾವ ಕರೆಂಟು ಅಗ್ಗವಾಗಿ, ತಡೆಯಿಲ್ಲದೆ ಸಿಗುತ್ತಿತ್ತು ಎನ್ನುವುದು. ನೀರಿನ ಕರೆಂಟಿಗೂ ಬೆಲೆ ಇದೆ ಎನ್ನುವುದನ್ನು ಮರೆಯಬಾರದು. ಟುಕುರುಯಿಯಲ್ಲಿ ಅಪಾರ ಕಾಡು ಮುಳುಗಿತು, ಸಾವಿರಾರು ಜನ ನೆಲೆ ಕಳೆದುಕೊಂಡರು. ಆ ನಷ್ಟ ಯಾವ ಇಂಗಾಲದ ಲೆಕ್ಕದಲ್ಲೂ ಪೂರ್ತಿ ಕಾಣುವುದಿಲ್ಲ.

ಬಾಯ್ನ್ ಸ್ಮೆಲ್ಟರ್‌ನ ಮುಂದಿನ ಕಥೆಯನ್ನೂ ಗಮನಿಸಿ. ಅದಕ್ಕಾಗಿ ಗಾಳಿ ಮತ್ತು ಸೋಲಾರ್ ಕರೆಂಟಿನ ದೊಡ್ಡ ಒಪ್ಪಂದಗಳಾದದ್ದು 2024ರಲ್ಲಿ. ಅಂದರೆ ಕಾರ್ಖಾನೆ ಶುರುವಾಗಿ ನಾಲ್ಕು ದಶಕ ಕಳೆದ ಮೇಲೆ. ಒಂದು ಸಹಿ ನಲವತ್ತು ವರ್ಷದ ಇಂಧನವನ್ನು ತೀರ್ಮಾನಿಸಿತ್ತು. ಸಹಿ ಹಾಕಿದವರು ಅಷ್ಟು ಹೊತ್ತಿಗೆ ನಿವೃತ್ತರಾಗಿ ಎಷ್ಟೋ ಕಾಲವಾಗಿರುತ್ತದೆ, ಅಲ್ವಾ? ಅದಕ್ಕೇ ನಾನು ಈ ಪತ್ರವನ್ನು ಈಗ ಅಧಿಕಾರದಲ್ಲಿರುವ ನಿಮಗೆ ಬರೆಯುತ್ತಿದ್ದೇನೆ.

ಕಾರ್ಖಾನೆಗಳು ಕಲ್ಲಿದ್ದಲಿಗೆ ಯಾಕೆ ಇಷ್ಟು ಅಂಟಿಕೊಳ್ಳುತ್ತವೆ? ಬೆಲೆಯೊಂದೇ ಕಾರಣವಲ್ಲ. ಸ್ಮೆಲ್ಟರ್‌ನ ಒಳಗೆ ನೋಡಿದರೆ ಗೊತ್ತಾಗುತ್ತದೆ. ಅಲ್ಲಿ ಸಾಲಾಗಿ ಉಕ್ಕಿನ ತೊಟ್ಟಿಗಳಿರುತ್ತವೆ. ಪಾಟ್ ಎನ್ನುತ್ತಾರೆ. ಒಂದೊಂದು ಸಾಲಿನಲ್ಲಿ ನೂರಾರು ಪಾಟ್. ಒಳಗೆ ಸುಮಾರು 960 ಡಿಗ್ರಿಗೆ ಕಾದ ದ್ರವ. ಅದರೊಳಗೆ ಇಂಗಾಲದ ದಪ್ಪ ಬ್ಲಾಕುಗಳನ್ನು ಇಳಿಬಿಟ್ಟಿರುತ್ತಾರೆ. ಅವುಗಳ ಮೂಲಕ ಲಕ್ಷಗಟ್ಟಲೆ ಆಂಪಿಯರ್ ಕರೆಂಟು ಹಗಲೂ ರಾತ್ರಿ ಹರಿಯುತ್ತಿರಬೇಕು. ಕೆಲವೇ ಗಂಟೆ ಕರೆಂಟು ಹೋದರೂ ದ್ರವ ಹೆಪ್ಪುಗಟ್ಟುತ್ತದೆ. ಆಮೇಲೆ ಪಾಟನ್ನು ಒಡೆದು ಕೆರೆದು ಮತ್ತೆ ಶುರು ಮಾಡಲು ತಿಂಗಳುಗಳೇ ಬೇಕು. ಇಂಥ ಕಾರ್ಖಾನೆಯ ಮ್ಯಾನೇಜರ್‌ಗೆ ರಾತ್ರಿ ಎರಡು ಗಂಟೆಗೂ ಸಿಗುವ ಕರೆಂಟೇ ಕರೆಂಟು. ಅಲ್ಲದೆ ಆ ಇಂಗಾಲದ ಬ್ಲಾಕುಗಳು ತೈಲ ಶುದ್ಧೀಕರಣದಲ್ಲಿ ಉಳಿಯುವ ಪೆಟ್ರೋಲಿಯಂ ಕೋಕ್‌ನಿಂದ ಮಾಡಿದವು. ಒಂದು ಟನ್ ಲೋಹಕ್ಕೆ 400 ಕಿಲೋಗೂ ಹೆಚ್ಚು ಇಂಗಾಲ ಹೀಗೆ ಸವೆದುಹೋಗುತ್ತದೆ. ಕರೆಂಟು ಪೂರ್ತಿ ಜಲಪಾತದ್ದಾದರೂ ಈ ಭಾಗದ ಹೊಗೆ ಉಳಿದೇ ಇರುತ್ತದೆ.

ಆದ್ದರಿಂದ ಒಂದು ಕಂಪನಿ ನಿಮ್ಮೆದುರು ಬಂದು, ವರ್ಷಕ್ಕೆ ಇಷ್ಟು ಯೂನಿಟ್ ಸೋಲಾರ್ ಕೊಳ್ಳುತ್ತೇವೆ, ನಮ್ಮದು ಪೂರ್ತಿ ಹಸಿರು ಎಂದರೆ ಅಲ್ಲಿಗೇ ಮಾತು ಮುಗಿಸಬೇಡಿ. ಸೂರ್ಯ ಮುಳುಗಿದ ಮೇಲೆ ಪಾಟ್‌ಗಳಿಗೆ ಕರೆಂಟು ಎಲ್ಲಿಂದ ಬರುತ್ತದೆ ಎಂದು ಕೇಳಿ. ಮಳೆ ಕೈಕೊಟ್ಟ ವರ್ಷ ಏನು ಮಾಡುತ್ತಾರೆ ಎಂದೂ ಕೇಳಿ.

ಮಳೆಯ ಮಾತು ಸುಮ್ನೆ ಎತ್ತಿದ್ದಲ್ಲ. ಚೀನಾದಲ್ಲಿ ಕಳೆದ ಕೆಲವು ವರ್ಷಗಳಲ್ಲಿ ಅಲ್ಯೂಮಿನಿಯಂ ಉದ್ಯಮದ ದೊಡ್ಡ ಪಾಲು ಶಾನ್‌ಡಾಂಗ್‌ನಂಥ ಕಲ್ಲಿದ್ದಲು ಪ್ರದೇಶಗಳನ್ನು ಬಿಟ್ಟು ನೈರುತ್ಯದ ಯುನ್ನಾನ್‌ಗೆ ಹೊರಟಿತು. ಯುನ್ನಾನ್ ಎಂದರೆ ದೊಡ್ಡ ನದಿಗಳ ನಾಡು, ಜಲವಿದ್ಯುತ್ತಿನ ನಾಡು. ಯೋಚನೆ ಒಳ್ಳೆಯದೇ. ಕಲ್ಲಿದ್ದಲು ಕರೆಂಟಿನ ಅಲ್ಯೂಮಿನಿಯಂಗೂ ನೀರಿನ ಕರೆಂಟಿನ ಅಲ್ಯೂಮಿನಿಯಂಗೂ ಹೊಗೆಯಲ್ಲಿ ಹಲವು ಪಟ್ಟು ವ್ಯತ್ಯಾಸ. ಆದರೆ 2022ರಲ್ಲಿ ಮಳೆ ಕಡಿಮೆಯಾಯಿತು. ಸೆಪ್ಟೆಂಬರ್‌ನಲ್ಲಿ ಸ್ಮೆಲ್ಟರ್‌ಗಳಿಗೆ ಉತ್ಪಾದನೆ ತಗ್ಗಿಸಲು ಆದೇಶ ಬಂತು. 2023ರ ಫೆಬ್ರುವರಿಯಲ್ಲಿ ಮತ್ತೆ ತಗ್ಗಿಸಬೇಕಾಯಿತು.

ಐಸ್‌ಲ್ಯಾಂಡ್‌ನಲ್ಲೂ ಇಂಥದೇ ಆಯಿತು. ಆ ದೇಶದ ಕರೆಂಟೆಲ್ಲ ಹೆಚ್ಚುಕಡಿಮೆ ನೀರು ಮತ್ತು ಭೂಶಾಖದಿಂದಲೇ ಬರುತ್ತದೆ. ಅದರ ಬಹುಪಾಲನ್ನು ಅಲ್ಯೂಮಿನಿಯಂ ಸ್ಮೆಲ್ಟರ್‌ಗಳೇ ಬಳಸುತ್ತವೆ. 2021ರ ಡಿಸೆಂಬರ್ ಹೊತ್ತಿಗೆ ಜಲಾಶಯಗಳಲ್ಲಿ ನೀರು ಕಡಿಮೆಯಾಗಿ ಕರೆಂಟು ಕಡಿತ ಮಾಡಬೇಕಾಯಿತು. ಆಗ ವಿದ್ಯುತ್ ಬಾಯ್ಲರ್ ಹಾಕಿಕೊಂಡಿದ್ದ ಅಲ್ಲಿನ ಮೀನಿನ ಹಿಟ್ಟಿನ ಕಾರ್ಖಾನೆಗಳು ಮತ್ತೆ ತೈಲ ಸುಡಲು ಶುರು ಮಾಡಿದವು.

ಇಲ್ಲಿ ಒಂದು ಸಂಗತಿಯನ್ನು ನೀವು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಒಂದು ಪ್ರದೇಶದಲ್ಲಿ ಶುದ್ಧ ಕರೆಂಟು ಇದೆ ಎಂದ ಮಾತ್ರಕ್ಕೆ ಅದು ಹೊಸ ಕಾರ್ಖಾನೆಗಾಗಿ ಖಾಲಿ ಕೂತಿದೆ ಎಂದಲ್ಲ. ಆ ಕರೆಂಟನ್ನು ಈಗಾಗಲೇ ಯಾರೋ ಬಳಸುತ್ತಿರುತ್ತಾರೆ. ಅದನ್ನು ಕಾರ್ಖಾನೆಗೆ ತಿರುಗಿಸಿದರೆ ಪಕ್ಕದ ನಗರ ಕಲ್ಲಿದ್ದಲಿನ ಕರೆಂಟು ತರಿಸಿಕೊಳ್ಳುತ್ತದೆ. ಕಂಬಳಿಯನ್ನು ತಲೆಗೆ ಎಳೆದುಕೊಂಡರೆ ಕಾಲು ಬಯಲಾಗುವ ಹಾಗೆ. ಕಾರ್ಖಾನೆಯ ಕಾಗದದಲ್ಲಿ ಜಲವಿದ್ಯುತ್ ಎಂದಿರುತ್ತದೆ. ಒಟ್ಟು ಗ್ರಿಡ್‌ನಲ್ಲಿ ಹೊಸದಾಗಿ ಉರಿದದ್ದು ಕಲ್ಲಿದ್ದಲು. ಹಾಗಾಗಿ ಕೇಳಬೇಕಾದದ್ದು ಆ ಪ್ರದೇಶದ ಸರಾಸರಿ ಕರೆಂಟು ಎಷ್ಟು ಶುದ್ಧ ಎಂದಲ್ಲ. ಈ ಕಾರ್ಖಾನೆ ಬಂದದ್ದರಿಂದ ಮುಂದಿನ ಯೂನಿಟ್ಟು ಯಾವುದರಿಂದ ಹುಟ್ಟುತ್ತದೆ ಎಂದು ಕೇಳಬೇಕು.

ತುಂಬಾ ಬೇಗ ಜಾಗ ಬದಲಿಸಬಲ್ಲ ಉದ್ಯಮದಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಂಡಿತು. 2021ರ ಮಧ್ಯದಲ್ಲಿ ಚೀನಾ ಬಿಟ್‌ಕಾಯಿನ್ ಗಣಿಗಾರಿಕೆಯನ್ನು, ಅಂದರೆ ಅಪಾರ ಕರೆಂಟು ತಿನ್ನುವ ಕಂಪ್ಯೂಟರುಗಳಿಂದ ಡಿಜಿಟಲ್ ನಾಣ್ಯ ಗಳಿಸುವ ಉದ್ಯಮವನ್ನು, ನಿಲ್ಲಿಸಿತು. ಯಂತ್ರಗಳು ಕೆಲವೇ ತಿಂಗಳಲ್ಲಿ ಕಜಕಿಸ್ತಾನಕ್ಕೆ, ಅಮೆರಿಕಕ್ಕೆ ಹೋದವು. ಕಜಕಿಸ್ತಾನದ ಕರೆಂಟು ಹೆಚ್ಚಾಗಿ ಕಲ್ಲಿದ್ದಲಿನದು. ಮೊದಲು ಮಳೆಗಾಲದಲ್ಲಾದರೂ ಚೀನಾದ ಸಿಚುವಾನ್‌ನ ಜಲವಿದ್ಯುತ್ ಬಳಸುತ್ತಿದ್ದ ಉದ್ಯಮ ಇದು. ಒಂದು ದೇಶದ ಕಠಿಣ ನಿರ್ಧಾರದಿಂದ ಜಗತ್ತಿನ ಒಟ್ಟು ಲೆಕ್ಕದಲ್ಲಿ ಇದರ ಕರೆಂಟು ಇನ್ನಷ್ಟು ಕೊಳಕಾಯಿತು ಎಂದು ಆಮೇಲೆ ಲೆಕ್ಕ ಹಾಕಿದವರು ತೋರಿಸಿದರು.

ನನಗೆ ಅತ್ಯಂತ ಕಷ್ಟವೆನಿಸುವ ಉದಾಹರಣೆ ಇಂಡೋನೇಷ್ಯಾದ ನಿಕ್ಕೆಲ್. ಯಾಕೆಂದರೆ ಅಲ್ಲಿ ನ್ಯಾಯ ಎರಡೂ ಕಡೆ ಇದೆ. ಜಗತ್ತಿನ ಅತಿ ದೊಡ್ಡ ನಿಕ್ಕೆಲ್ ನಿಕ್ಷೇಪಗಳಲ್ಲಿ ಒಂದು ಆ ದೇಶದ್ದು. ವರ್ಷಗಟ್ಟಲೆ ಹಸಿ ಅದಿರನ್ನು ಹಡಗಿಗೆ ತುಂಬಿ ಕಳಿಸುತ್ತಿದ್ದರು. ಲಾಭ ಬೇರೆಯವರಿಗೆ ಹೋಗುತ್ತಿತ್ತು. 2020ರ ಜನವರಿಯಲ್ಲಿ ಸರ್ಕಾರ ನಿಕ್ಕೆಲ್ ಅದಿರಿನ ರಫ್ತನ್ನು ನಿಷೇಧಿಸಿತು. ಅದಿರು ಬೇಕಿದ್ದರೆ ಇಲ್ಲೇ ಬಂದು ಕಾರ್ಖಾನೆ ಹಾಕಿ ಎಂದಿತು. ಕಾರ್ಖಾನೆಗಳು ಬಂದವು. ಸುಲವೇಸಿಯ ಮೊರೊವಾಲಿಯಲ್ಲಿ, ಹಲ್ಮಹೇರಾದ ವೇಡಾ ಬೇಯಲ್ಲಿ ದೊಡ್ಡ ಕೈಗಾರಿಕಾ ಪಾರ್ಕುಗಳು ಬೆಳೆದವು. ಸಾವಿರಾರು ಜನರಿಗೆ ಕೆಲಸ ಸಿಕ್ಕಿತು. ತನ್ನ ಮಣ್ಣಿನ ಅದಿರಿಗೆ ತಾನೇ ಬೆಲೆ ಸೇರಿಸಿಕೊಳ್ಳುತ್ತೇನೆ ಎನ್ನುವ ದೇಶವನ್ನು ಯಾರು ದೂರಬಲ್ಲರು?

ಆದರೆ ಆ ದ್ವೀಪಗಳಲ್ಲಿ ಇಷ್ಟು ದೊಡ್ಡ ಕುಲುಮೆಗಳಿಗೆ ಸಾಲುವ ಗ್ರಿಡ್ ಇರಲಿಲ್ಲ. ಪಾರ್ಕುಗಳು ತಮ್ಮದೇ ಕಲ್ಲಿದ್ದಲು ಸ್ಥಾವರ ಕಟ್ಟಿಕೊಂಡವು. ಅದಿರನ್ನು ಒಣಗಿಸುವ, ಕಾಯಿಸುವ ಗೂಡುಗಳಲ್ಲೂ ಕಲ್ಲಿದ್ದಲೇ. 2022ರಲ್ಲಿ ಬಂದ ಅಧ್ಯಕ್ಷರ ಆದೇಶವೊಂದು ಹೊಸ ಕಲ್ಲಿದ್ದಲು ಸ್ಥಾವರಗಳಿಗೆ ತಡೆ ಹಾಕಿತು. ಆದರೆ ಇಂಥ ಉದ್ಯಮಗಳ ಸ್ವಂತ ಸ್ಥಾವರಗಳಿಗೆ ಷರತ್ತಿನ ಮೇಲೆ ವಿನಾಯಿತಿ ಕೊಟ್ಟಿತು. ಈ ನಿಕ್ಕೆಲ್‌ನ ಹೆಚ್ಚಿನ ಪಾಲು ಸ್ಟೇನ್‌ಲೆಸ್ ಸ್ಟೀಲ್‌ಗೆ ಹೋಗುತ್ತದೆ, ಬೆಳೆಯುತ್ತಿರುವ ಒಂದು ಪಾಲು ಎಲೆಕ್ಟ್ರಿಕ್ ಕಾರುಗಳ ಬ್ಯಾಟರಿಗೆ. ಎಲ್ಲೋ ಒಂದು ನಗರದಲ್ಲಿ ಪೆಟ್ರೋಲ್ ಉಳಿಯುತ್ತದೆ, ಸುಲವೇಸಿಯ ಕರಾವಳಿಯಲ್ಲಿ ಕಲ್ಲಿದ್ದಲು ಉರಿಯುತ್ತದೆ. ಆ ಸ್ಥಾವರಗಳ ಬೂದಿ ಮತ್ತು ಹೊಗೆಯ ನಡುವೆ ಬದುಕುವವರು ಆ ಕಾರು ಕೊಳ್ಳುವವರಲ್ಲ.

ಇಲ್ಲಿ ತಪ್ಪು ಅದಿರನ್ನು ದೇಶದಲ್ಲೇ ಸಂಸ್ಕರಿಸಿದ್ದರಲ್ಲಿಲ್ಲ. ಕರೆಂಟಿನ ಯೋಜನೆ ಕಾರ್ಖಾನೆಯ ಹಿಂದೆ ಓಡಿಬಂತು, ಮುಂದೆ ಇರಬೇಕಿತ್ತು. ಮತ್ತು ಆ ನಿಕ್ಕೆಲ್ ಕೊಳ್ಳುವ ಶ್ರೀಮಂತ ದೇಶಗಳು ಗಾಳಿ, ಸೋಲಾರ್, ವಿದ್ಯುತ್ ಲೈನುಗಳಿಗೆ ಅಗ್ಗದ ಸಾಲವನ್ನು ಮೊದಲೇ ತಂದಿಡಬೇಕಿತ್ತು. ಹಣ ಅಗ್ಗವಾಗಿ ಸಿಗದ ದೇಶದಲ್ಲಿ ಮೊದಲೇ ಪೂರ್ತಿ ಬಂಡವಾಳ ಕೇಳುವ ಸೋಲಾರ್‌ಗಿಂತ, ಸುಡುತ್ತಾ ಸುಡುತ್ತಾ ದುಡ್ಡು ಕೊಡುವ ಕಲ್ಲಿದ್ದಲೇ ಸುಲಭವೆನಿಸುತ್ತದೆ.

ಕೊಳ್ಳುವ ದೇಶಗಳು ಏನೂ ಮಾಡುತ್ತಿಲ್ಲ ಎಂದಲ್ಲ. ಐರೋಪ್ಯ ಒಕ್ಕೂಟ ಉಕ್ಕು, ಅಲ್ಯೂಮಿನಿಯಂ, ಸಿಮೆಂಟು, ಗೊಬ್ಬರ, ಹೈಡ್ರೋಜನ್ ಮತ್ತು ಕರೆಂಟಿನ ಆಮದಿಗೆ ಗಡಿಯಲ್ಲಿ ಇಂಗಾಲದ ಬೆಲೆ ಕಟ್ಟುವ ವ್ಯವಸ್ಥೆ ತಂದಿದೆ. 2023ರ ಅಕ್ಟೋಬರ್‌ನಿಂದ ಲೆಕ್ಕ ಒಪ್ಪಿಸುವ ಹಂತ, 2026ರ ಜನವರಿಯಿಂದ ಶುಲ್ಕದ ಹಂತ. ಹೊರಗಿನ ಹೊಗೆಯನ್ನೂ ಎಣಿಸುತ್ತೇವೆ ಎನ್ನುವ ಆ ಯೋಚನೆಯನ್ನು ನಾನು ಒಪ್ಪುತ್ತೇನೆ. ಆದರೆ ಅದೊಂದೇ ಸಾಲದು. ಎರಡು ಕಾರ್ಖಾನೆ ಇರುವ ಕಂಪನಿ ಜಲವಿದ್ಯುತ್ತಿನ ಲೋಹವನ್ನು ಯುರೋಪಿಗೂ, ಕಲ್ಲಿದ್ದಲಿನ ಲೋಹವನ್ನು ಬೇರೆಡೆಗೂ ಕಳಿಸಿದರೆ ಶುಲ್ಕ ಉಳಿಯುತ್ತದೆ, ಉರಿಯುವುದು ಮಾತ್ರ ಹಾಗೇ ಉರಿಯುತ್ತದೆ. ಆ ಶುಲ್ಕದ ಹಣ ಯುರೋಪಿನ ಖಜಾನೆಯಲ್ಲೇ ಉಳಿದರೆ ಬಡ ದೇಶದ ಕುಲುಮೆ ಬದಲಾಗುವುದೂ ಇಲ್ಲ. ಅದರ ದೊಡ್ಡ ಪಾಲು ಅದೇ ಕುಲುಮೆಗಳನ್ನು ಬದಲಿಸಲು ವಾಪಸ್ ಹೋಗಬೇಕು.

ಉಕ್ಕಿನಲ್ಲಿ ನನಗೆ ನಿಜವಾದ ದಾರಿಯೊಂದು ಕಾಣುತ್ತಿದೆ. ಉಕ್ಕು ಮಾಡುವಾಗ ಅತಿ ಹೆಚ್ಚು ಇಂಧನ ತಿನ್ನುವುದು ಅದಿರಿನಿಂದ ಕಬ್ಬಿಣ ತೆಗೆಯುವ ಹಂತ. ಈಗ ಅದಿರನ್ನೂ ಕಲ್ಲಿದ್ದಲನ್ನೂ ಸಾವಿರಾರು ಮೈಲಿ ಸಾಗಿಸಿ ಒಂದು ಕಡೆ ಸೇರಿಸುತ್ತಾರೆ. ಜಗತ್ತಿನ ಸಮುದ್ರ ಸಾಗಣೆಯಲ್ಲಿ ತೂಕದ ಲೆಕ್ಕದಲ್ಲಿ ಸುಮಾರು 40 ಶೇಕಡಾ ಕಲ್ಲಿದ್ದಲು, ತೈಲ, ಗ್ಯಾಸೇ ಆಗಿದೆ ಎಂಬುದನ್ನು ನೆನಪಿಡಿ. ಕಬ್ಬಿಣ ತೆಗೆಯುವ ಆ ಒಂದು ಹಂತವನ್ನು ಮಾತ್ರ ಗಾಳಿ, ಬಿಸಿಲು, ನೀರು ಧಾರಾಳವಾಗಿರುವ ಅದಿರಿನ ನಾಡಿಗೆ ಒಯ್ದರೆ? ಸ್ವೀಡನ್‌ನ ಲುಲಿಯೋದಲ್ಲಿ 2020ರಲ್ಲಿ ಶುರುವಾದ ಪ್ರಯೋಗ ಘಟಕದಲ್ಲಿ ಕಲ್ಲಿದ್ದಲಿನ ಬದಲು ಹೈಡ್ರೋಜನ್‌ನಿಂದ ಕಬ್ಬಿಣ ತೆಗೆದರು. ಮರುವರ್ಷವೇ ಅದರಿಂದ ಮಾಡಿದ ಉಕ್ಕು ಗಿರಾಕಿಯ ಕೈ ಸೇರಿತು. ಹಾಗೆ ತೆಗೆದ ಕಬ್ಬಿಣವನ್ನು ಗಟ್ಟಿ ಇಟ್ಟಿಗೆಗಳಾಗಿ ಒತ್ತಿ ಹಡಗಿನಲ್ಲಿ ಕಳಿಸಬಹುದು. ಅದನ್ನು ಕರಗಿಸಿ, ಉಕ್ಕು ಮಾಡಿ, ತಗಡು ಎಳೆಯುವ ಕೆಲಸ ಹಳೆಯ ಊರುಗಳಲ್ಲೇ ಉಳಿಯಬಹುದು. ಹೆಚ್ಚು ಜನರಿಗೆ ಕೆಲಸ ಇರುವುದೂ ಆ ಕೊನೆಯ ಹಂತಗಳಲ್ಲೇ. ಕಾರ್ಖಾನೆಯನ್ನು ಇಡಿಯಾಗಿ ಕಿತ್ತು ಸಾಗಿಸುವುದಕ್ಕಿಂತ ಇದು ಎಷ್ಟೋ ಮೇಲು.

ಪೋರ್ಟ್ ಟಾಲ್ಬಟ್‌ನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರ ಕೆಲಸಕ್ಕೆ ಕುತ್ತು ಬಂತು. ಇಂಥ ಊರುಗಳಲ್ಲಿ ಹವಾಮಾನದ ಮಾತು ಎತ್ತಿದರೆ ಜನ ಸಿಟ್ಟಾಗುತ್ತಾರೆ. ಆಗಲೇಬೇಕು. ತಮ್ಮ ಕುಲುಮೆ ಆರಿ ಬೇರೆಡೆ ಅಂಥದೇ ಕುಲುಮೆ ಉರಿಯುತ್ತಿದ್ದರೆ ತಮ್ಮ ತ್ಯಾಗ ಯಾತಕ್ಕೆ ಎಂದು ಅವರು ಕೇಳುತ್ತಾರೆ. ಆ ಪ್ರಶ್ನೆಗೆ ನಿಮ್ಮಲ್ಲಿ ಉತ್ತರ ಇರಬೇಕು.

ನಾನು ಕೇಳುತ್ತಿರುವುದು ದೊಡ್ಡ ಕಾನೂನನ್ನೇನಲ್ಲ. ಜಾಗ ಬದಲಿಸುವ ಪ್ರತಿ ದೊಡ್ಡ ಕಾರ್ಖಾನೆಯ ಅನುಮತಿ ಪತ್ರದ ಜೊತೆ ಇಂಧನದ ಲೆಕ್ಕವೂ ಇರಲಿ. ಹಳೆಯ ಜಾಗದಲ್ಲಿ ಏನು, ಎಷ್ಟು ಉರಿಯುವುದು ನಿಲ್ಲುತ್ತದೆ, ಹೊಸ ಜಾಗದಲ್ಲಿ ಏನು, ಎಷ್ಟು ಶುರುವಾಗುತ್ತದೆ, ರಾತ್ರಿ ಮತ್ತು ಬರಗಾಲದ ಕರೆಂಟು ಎಲ್ಲಿಂದ ಎನ್ನುವುದು ಅದರಲ್ಲಿರಲಿ. ಕಲ್ಲಿದ್ದಲಿನ ಸ್ವಂತ ಸ್ಥಾವರಕ್ಕೆ ಅನುಮತಿ ಕೊಡಲೇಬೇಕಾಗಿ ಬಂದರೆ ಅದು ಮುಚ್ಚುವ ವರ್ಷವನ್ನು ಅದೇ ಕಾಗದದಲ್ಲಿ ಬರೆಯಿರಿ. ಹೊಸ ಗಾಳಿ, ಸೋಲಾರ್, ಸಂಗ್ರಹಣೆ ಎಷ್ಟು ಕಟ್ಟುತ್ತಾರೋ ಅದಕ್ಕೆ ತಕ್ಕಂತೆ ಸಬ್ಸಿಡಿ ಬಿಡುಗಡೆ ಮಾಡಿ. ಕಾರ್ಖಾನೆ ಕಳಿಸುವ ಸರ್ಕಾರ ಹೊಗೆ ಇಳಿಯಿತು ಎಂದು ಘೋಷಿಸುವಾಗ, ಅದೇ ಸರಕನ್ನು ಆಮದು ಮಾಡಿಕೊಂಡಿದ್ದರೆ ಅದರ ಹಿಂದಿನ ಹೊಗೆಯನ್ನೂ ಅದೇ ಪುಟದಲ್ಲಿ ಮುದ್ರಿಸಲಿ.

ಈ ಮಾಹಿತಿಯೆಲ್ಲ ಕಂಪನಿಗಳ ಕೈಯಲ್ಲಿ ಈಗಾಗಲೇ ಇದೆ. ಕರೆಂಟಿನ ಲೆಕ್ಕ ಮಾಡದೆ ಯಾರೂ ಸ್ಮೆಲ್ಟರ್ ಕಟ್ಟುವುದಿಲ್ಲ. ನಿಮ್ಮ ಮೇಜಿನ ಮೇಲೆ ಈಗ ಇರುವ ಅರ್ಜಿಯಿಂದಲೇ ಕೇಳಲು ಶುರು ಮಾಡಿ. ಮುಂದೂಡಬೇಡಿ ಎಂದು ಕಳಕಳಿಯಿಂದ ಬೇಡುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಾಗರಿಕ